ಗಾಳಿಗಿರಣಿಗೆ ಬೆಂಕಿ ಇಟ್ಟವರು, ಇಡದವರು

ಪಿಸಿ ಗೇಮುಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿಯಾಯಿತಿ ಮಾರಾಟ ಶುರುವಾಯಿತೆಂದರೆ, ಸತ್ತು ಸತ್ತು ಕಲಿಯಬೇಕಾದ ಕತ್ತಿಕಾಳಗದ ಗೇಮ್ ಡಾರ್ಕ್ ಸೋಲ್ಸ್ 2ರ ಜಗಳವೂ ಶುರುವಾಯಿತೆಂದೇ ಲೆಕ್ಕ. ಯಾರೋ ಪಾಪದವರು ‘ಇದನ್ನ ತಗೋಬಹುದಾ?’ ಎಂದು ಕೇಳಿರುತ್ತಾರೆ. ಅವರಿಗೆ ಬೇಕಾದದ್ದು ಹೌದು ಅಥವಾ ಬೇಡ, ಅಷ್ಟೆ. ಸಿಗುವುದು ಮಾತ್ರ ‘ಗೇಮ್ ಆಗಿ ಚೆನ್ನಾಗಿದೆ, ಡಾರ್ಕ್ ಸೋಲ್ಸ್ ಆಗಿ ಚೆನ್ನಾಗಿಲ್ಲ’ ಎಂಬ ಮುತ್ತು. 2014ರ ಮಾರ್ಚ್‌ನಲ್ಲಿ ಬಂದ ಗೇಮಿಗೆ ಅವತ್ತಿನಿಂದಲೂ ಇದೇ ಮಾತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ! ಎರಡನೇ ಮಗನನ್ನು ಅಣ್ಣನ ಮಾರ್ಕ್ಸ್ ಕಾರ್ಡ್ ಕೈಯಲ್ಲಿಟ್ಟುಕೊಂಡೇ ಮಾತಾಡಿಸುವ ಮಾವಂದಿರಿದ್ದಾರಲ್ಲ, ಅದೇ ಧಾಟಿ. ಇದನ್ನು ಹೇಳಿದವರು ಏನೋ ತೂಕದ ಮಾತಾಡಿದೆವೆಂದು ಕುರ್ಚಿಗೆ ಒರಗುತ್ತಾರೆ. ಕೇಳಿದವರಿಗೆ ಬಾಸ್ ಎಂಬ ದೊಡ್ಡ ಶತ್ರು ಹೇಗಿದ್ದಾನೆ, ಏಟು ತಪ್ಪಿಸಲು ಉರುಳುವ ರೋಲ್ ಹೇಗಿದೆ, ಕಂಟ್ರೋಲರ್ ಬೇಕೋ ಬೇಡವೋ ಒಂದೂ ತಿಳಿದಿರುವುದಿಲ್ಲ.

ಈ ಜಗಳ ಯಾಕೆ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಕಾರಣವಿದೆ. ಅದಕ್ಕೆ ಬರುತ್ತೇನೆ. ಮೊದಲು ಅಡಾಪ್ಟಬಿಲಿಟಿಯದು, ಅಂದರೆ ನಾವು ಏರಿಸಬಹುದಾದ ಸ್ಟ್ಯಾಟ್‌ಗಳಲ್ಲಿ (ಪಾತ್ರದ ಸಾಮರ್ಥ್ಯದ ಅಂಕಿಗಳಲ್ಲಿ) ಒಂದರ ವಿಷಯ, ಮುಗಿದುಬಿಡಲಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ‘ರೋಲ್ ಮಾಡಿದರೂ ಏಟು ಬೀಳುತ್ತೆ’ ಎಂದು ದೂರಿದವರಿಗೆಲ್ಲ ಹಳೇ ಆಟಗಾರರು ಈ ಅರ್ಥದ ಉತ್ತರವನ್ನೇ ಕೊಟ್ಟುಕೊಂಡು ಬಂದಿದ್ದಾರೆ. ತೊಂದರೆ ಏನೆಂದರೆ ಇಲ್ಲಿ ನೆಲ ನಿಜಕ್ಕೂ ಡೊಂಕು. ಮೊದಲ ಗೇಮಿನಲ್ಲಿ ರೋಲ್ ಎಷ್ಟು ಹೊತ್ತು ಏಟಿನಿಂದ ಕಾಪಾಡುತ್ತದೆ ಎಂಬುದು ಮೈಮೇಲಿನ ಭಾರದ ಮೇಲೆ ನಿಂತಿತ್ತು. ಕವಚ ಕಳಚಿದರೆ ಚುರುಕಾಗುತ್ತಿದ್ದಿರಿ. ಎರಡನೆಯದರಲ್ಲಿ ಭಾರ ಹೊರಬಲ್ಲದ್ದರ ಶೇಕಡಾ 70 ದಾಟದಿದ್ದರೆ ಸಾಕು, ಅದರೊಳಗೆ ಹಗುರಾದಷ್ಟೂ ದೂರ ಉರುಳುತ್ತೀರಿ. ಆದರೆ ಏಟು ತಾಗದ ಆ ಕ್ಷಣ ಎಷ್ಟು ಉದ್ದ ಎಂಬುದನ್ನು ತೀರ್ಮಾನಿಸುವುದು ಅಜಿಲಿಟಿ ಎಂಬ ಅಂಕಿ. ಅಜಿಲಿಟಿಯನ್ನು ಬೆಳೆಸುವುದು ಮುಖ್ಯವಾಗಿ ಅಡಾಪ್ಟಬಿಲಿಟಿ, ಅಲ್ಪಸ್ವಲ್ಪ ಅಟ್ಯೂನ್‌ಮೆಂಟ್ ಎಂಬ ಇನ್ನೊಂದು ಸ್ಟ್ಯಾಟ್. ಅದೂ ಮೆಟ್ಟಿಲು ಮೆಟ್ಟಿಲಾಗಿ. 96ಕ್ಕೆ ಮುಟ್ಟಿದರೆ ಹೆಚ್ಚುಕಡಿಮೆ ಮೊದಲ ಗೇಮಿನ ಮಧ್ಯಮ ರೋಲ್, 105ಕ್ಕೆ ಅದರ ಚುರುಕು ರೋಲ್ ಎಂದು ಆಟಗಾರರು ಪರದೆಯ ಒಂದೊಂದು ಚಿತ್ರವನ್ನೂ (ಫ್ರೇಮ್) ಎಣಿಸಿ ಹೇಳುತ್ತಾರೆ. 99 ಆದಮೇಲೆ ಮುಂದಿನ ಮೆಟ್ಟಿಲೇ 105. ಹಾಗಾಗಿ 103ರಲ್ಲಿ ನಿಂತವನಿಗೂ 99ರಲ್ಲಿ ನಿಂತವನಿಗೂ ರೋಲಿನಲ್ಲಿ ವ್ಯತ್ಯಾಸವಿಲ್ಲ. ಜೀವ ತುಂಬಿಕೊಳ್ಳಲು ಎಸ್ಟಸ್ ಎಂಬ ಪಾನೀಯ ಕುಡಿಯುವ ವೇಗವೂ ಇದೇ ಅಂಕಿಗೆ ಗಂಟು ಹಾಕಿಕೊಂಡಿದೆ. ಇಷ್ಟೆಲ್ಲ ಗೇಮು ಬಾಯಿಬಿಟ್ಟು ಹೇಳುತ್ತದೆಯೇ? ಸ್ಟ್ಯಾಟ್ ಪರದೆಯಲ್ಲಿ ಒಂದು ಮುಗುಮ್ಮಾದ ಸಾಲು, ಅಷ್ಟೆ.

ಆದ್ದರಿಂದ ಹೊಸಬರು ಕತ್ತಿಗೆ ಬೇಕೆಂದು ಸ್ಟ್ರೆಂತ್ ಏರಿಸುತ್ತಾರೆ, ಜೀವಕ್ಕೆ ಬೇಕೆಂದು ವಿಗರ್ ಏರಿಸುತ್ತಾರೆ, ಅಡಾಪ್ಟಬಿಲಿಟಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ. ಆಮೇಲೆ ‘ಹಿಟ್‌ಬಾಕ್ಸ್ ಕೆಟ್ಟದಾಗಿದೆ’, ಅಂದರೆ ಏಟು ತಾಗಿತೋ ಇಲ್ಲವೋ ಎಂದು ಗೇಮು ಹಾಕುವ ಲೆಕ್ಕವೇ ಸರಿಯಿಲ್ಲ, ಎಂದು ಬರೆಯುತ್ತಾರೆ. ಕೆಲವು ಹಿಟ್‌ಬಾಕ್ಸ್ ನಿಜಕ್ಕೂ ಕೆಟ್ಟದಾಗಿವೆ, ಅದು ಬೇರೆ ಮಾತು. ಆದರೆ ಸಮರ್ಥಕರ ಗುಂಪಿನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿ. ಯಾವ ದೂರು ಬರಲಿ, ‘ಎಡಿಪಿ (ಅಡಾಪ್ಟಬಿಲಿಟಿ) ಏರಿಸಿದ್ರಾ?’ ಎಂಬ ಒಂದೇ ಕಷಾಯ. ಬಾಸ್ ಬೇಜಾರು ತರಿಸುತ್ತಾನೆ ಎಂದರೂ ಎಡಿಪಿ. ಬೆಳಕು ಚೆನ್ನಾಗಿಲ್ಲ ಎಂದರೂ ಎಡಿಪಿ.

ಬೆಳಕು ಎಂದಾಗ ಗಾಳಿಗಿರಣಿ ನೆನಪಾಯಿತು. ಗೇಮಿನಲ್ಲಿ ಅರ್ದನ್ ಪೀಕ್ ಎಂಬ ಜಾಗದ ಗಿರಣಿ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಅಲ್ಲಿನ ಬಾಸ್ ಮಿಥಾ ಎಂಬ ರಾಣಿ, ತಲೆ ಕತ್ತರಿಸಿಕೊಂಡು ಕೈಯಲ್ಲಿ ಹಿಡಿದವಳು. ಅವಳ ಕೋಣೆಯ ತುಂಬ ವಿಷದ ನೀರು. ಅದರಲ್ಲಿ ನಿಂತರೆ ನಿಮ್ಮ ಜೀವ ಇಳಿಯುತ್ತದೆ, ಅವಳದು ಏರುತ್ತದೆ. ನೀವು ಹೊಡೆದದ್ದನ್ನು ನೀರು ತುಂಬಿಕೊಡುತ್ತಿರುತ್ತದೆ. ‘ಇದೆಂಥ ಅನ್ಯಾಯದ ಬಾಸ್’ ಎಂದು ಎಷ್ಟೋ ಜನ ಬರೆದು ಹಾಕಿದ್ದಾರೆ. ಅನ್ಯಾಯ ಹೌದು. ಆದರೆ ಆ ವಿಷವನ್ನು ಮೇಲೆತ್ತುತ್ತಿರುವುದು ಹೊರಗೆ ತಿರುಗುತ್ತಿರುವ ಗಾಳಿಗಿರಣಿ. ಅದರ ಬುಡಕ್ಕೆ ಹೊತ್ತಿಸಿದ ಪಂಜು ಹಿಡಿದರೆ ಗಿರಣಿ ಸುಟ್ಟು ನಿಲ್ಲುತ್ತದೆ, ವಿಷ ಬಸಿದು ಹೋಗುತ್ತದೆ, ಮಿಥಾ ಸಾಧಾರಣ ಹಾವಾಗುತ್ತಾಳೆ.

ಪಂಜು ಹಿಡಿಯುವುದಕ್ಕೂ ಕ್ರಮವಿದೆ. ಆಟಗಾರ ದಣಿವಾರಿಸಿಕೊಳ್ಳುವ ಬೆಂಕಿ, ಅಂದರೆ ಬಾನ್‌ಫೈರಿನ ಎದುರು ನಿಂತು ಹೊತ್ತಿಸಿಕೊಳ್ಳಬೇಕು. ಒಂದೊಂದು ಪಂಜಿಗೂ 5 ನಿಮಿಷದಂತೆ ಕಾಲ ಕೂಡುತ್ತ ಹೋಗುತ್ತದೆ. ಎಡಗೈಯಲ್ಲಿ ಅದೇ ಇರುವುದರಿಂದ ಗುರಾಣಿ ಇಲ್ಲ. ದಾರಿಯಲ್ಲಿ ಶತ್ರು ಎದುರಾದರೆ ಅಭ್ಯಾಸಬಲದಿಂದ ಕತ್ತಿಯನ್ನು ಎರಡು ಕೈಯಲ್ಲಿ ಹಿಡಿದಿರೋ, ಪಂಜು ಆರಿತು, ಮತ್ತೆ ಬಾನ್‌ಫೈರಿಗೆ ನಡೆಯಿರಿ. ಇನ್ನು ಆ ಬುಡವೋ, ನೋಡಿದರೆ ಲೋಹದ ಹಾಗಿದೆ. ಲೋಹಕ್ಕೆ ಬೆಂಕಿ ಹಚ್ಚಬೇಕೆಂದು ಯಾವ ಜಾಣನಿಗೆ ಹೊಳೆಯಬೇಕು?

ಹೊಳೆಯದಿರುವುದಕ್ಕೆ ಇನ್ನೊಂದು ಕಾರಣ ಗೇಮು ಹೊರಬರುವ ಮೊದಲೇ ಹುಟ್ಟಿತ್ತು. 2013ರಲ್ಲಿ ತೋರಿಸಿದ ದೃಶ್ಯಗಳಲ್ಲಿ ಗುಹೆಗಳು ಕಪ್ಪಾಗಿದ್ದವು. ಪಂಜಿಲ್ಲದೆ ಹೆಜ್ಜೆ ಇಡುವಂತಿರಲಿಲ್ಲ. ಬೆಳಕು ಬೇಕೋ ಗುರಾಣಿ ಬೇಕೋ ಎಂಬುದೇ ಆಟದ ತಿರುಳೆಂಬಂತೆ ಕಾಣುತ್ತಿತ್ತು. ಕೈಗೆ ಬಂದ ಗೇಮಿನಲ್ಲಿ ಆ ಕತ್ತಲು ಇರಲಿಲ್ಲ. ಎಲ್ಲೆಡೆ ಒಂದು ಬಗೆಯ ಬೂದು ಬೆಳಕು. ನೋ ಮ್ಯಾನ್ಸ್ ವಾರ್ಫ್‌ನಲ್ಲಿ ಉದ್ದ ಕೈಯ ಪ್ರಾಣಿಗಳು ದೀಪಕ್ಕೆ ಹೆದರುತ್ತವೆ, ಗಟರ್‌ನಲ್ಲಿ ದೀಪ ಹಚ್ಚಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಅಂಥ ಒಂದೆರಡು ಕಡೆ ಬಿಟ್ಟರೆ ಪಂಜು ಚೀಲದಲ್ಲೇ ಉಳಿಯಿತು. ಕತ್ತಲನ್ನು ತೆಗೆದರು, ಕತ್ತಲಿಗೆಂದು ಮಾಡಿದ ಪಂಜನ್ನು ಬಿಟ್ಟರು, ಪಂಜಿಲ್ಲದೆ ಬಿಡಿಸಲಾಗದ ಒಗಟನ್ನೂ ಬಿಟ್ಟರು. ಅರ್ದನ್ ಪೀಕ್ ಹೊತ್ತಿಗೆ ಪಂಜು ಎಂಬುದೊಂದಿದೆ ಎಂದೇ ಆಟಗಾರ ಮರೆತಿರುತ್ತಾನೆ. ಹೀಗೆ ಬೆಳಕಿನ ಬಗ್ಗೆ ಗೊಣಗಿದವರೂ ಮಿಥಾ ಬಗ್ಗೆ ಗೊಣಗಿದವರೂ ಗೊತ್ತಿಲ್ಲದೆ ಒಂದೇ ವಿಷಯಕ್ಕೆ ಗೊಣಗಿದ್ದಾರೆ.

ಗಿರಣಿ ಸುಡಲಾಗದವರಿಗೆ ನೆರವಿಗೆ ಕರೆಯಲು ಜೆಸ್ಟರ್ ಥಾಮಸ್ ಇದ್ದಾನೆ. ಮನುಷ್ಯರೂಪಕ್ಕೆ ಬಂದರೆ ಬಾಸ್‌ಗೆ ಮೊದಲು ಅವನ ಗುರುತು ನೆಲದ ಮೇಲೆ ಹೊಳೆಯುತ್ತದೆ. ಕರೆದರೆ ಬರುತ್ತಾನೆ, ಬೆಂಕಿಯುಂಡೆ ಎಸೆಯುತ್ತಾನೆ, ಹೆಚ್ಚಿನ ಕೆಲಸ ಅವನೇ ಮುಗಿಸುತ್ತಾನೆ. ಅವನಿಗೆ ಅಭಿಮಾನಿಗಳೇ ಇದ್ದಾರೆ. ಬಾಸ್‌ಗೆ ಬೈದವರಲ್ಲೂ ಥಾಮಸ್‌ಗೆ ಬೈದವರು ಸಿಗುವುದಿಲ್ಲ.

ಮಿಥಾ ಸತ್ತ ಮೇಲೆ ಲಿಫ್ಟ್. ಆ ಪ್ರಸಿದ್ಧ ಲಿಫ್ಟ್. ಗಿರಣಿಯ ತುದಿಯಿಂದ ಮೇಲಕ್ಕೆ ಹೊರಡುತ್ತದೆ. ಹೊರಗಿನಿಂದ ನೋಡಿದಾಗ ಆ ತುದಿಯ ಮೇಲೆ ಇದ್ದದ್ದು ಬರೀ ಆಕಾಶ. ಲಿಫ್ಟ್ ನಿಂತಾಗ ಎದುರಿಗೆ ಐರನ್ ಕೀಪ್, ಕುದಿಯುವ ಲಾವಾದ ಕೆರೆ. ಭಾರ ತಡೆಯದೆ ನೆಲದೊಳಕ್ಕೆ ಕುಸಿದ ಕೋಟೆ ಎಂದು ಕಥೆಯೇ ಹೇಳುವ ಕೋಟೆ ಗಾಳಿಗಿರಣಿಯ ನೆತ್ತಿಯ ಮೇಲಿದೆ! ಮೊದಲ ಗೇಮಿನಲ್ಲಿ ಟೂಂಬ್ ಆಫ್ ದ ಜೈಂಟ್ಸ್‌ನ ಒಂದು ಅಂಚಿನಲ್ಲಿ ನಿಂತರೆ ದೂರದಲ್ಲಿ ಆಶ್ ಲೇಕ್‌ನ ಮರಗಳು ಕಾಣುತ್ತಿದ್ದವು. ಎಲ್ಲವೂ ಒಂದಕ್ಕೊಂದು ಕೂಡುತ್ತಿತ್ತು. ಅದನ್ನು ಕಂಡವರಿಗೆ ಈ ಲಿಫ್ಟ್ ಗಂಟಲಲ್ಲಿ ಸಿಕ್ಕಿಕೊಂಡದ್ದು ಸಹಜ. ‘ಶಾಪ ತಗುಲಿದ ಕಥಾನಾಯಕನ ನೆನಪಿನಲ್ಲಿ ನಡುವಿನ ದಾರಿ ಅಳಿಸಿಹೋಗಿದೆ’ ಎಂದು ಸಮರ್ಥಿಸುವವರಿದ್ದಾರೆ. ಸೊಗಸಾದ ಮಾತು, ಗೇಮಿಗಿಂತ ಚೆನ್ನಾಗಿದೆ. ಇದಕ್ಕಿಂತ ಸಪ್ಪೆಯಾದ, ನಂಬಬಹುದಾದ ಉತ್ತರವೂ ಉಂಟು. ತಯಾರಿಕೆಯ ಅರ್ಧದಾರಿಯಲ್ಲಿ ಗೇಮಿನ ರೂಪವನ್ನೇ ಮತ್ತೆ ಯೋಚಿಸಬೇಕಾಯಿತು, ಅದಾಗಲೇ ಮಾಡಿಟ್ಟ ಜಾಗಗಳನ್ನು ಹೊಸದಾಗಿ ಹೊಂದಿಸಬೇಕಾಯಿತು ಎಂದು ನಿರ್ದೇಶಕ ಯುಯಿ ತನಿಮುರಾ ಆಮೇಲೆ ಹೇಳಿಕೊಂಡಿದ್ದಾರೆ. ಮೊದಲ ಗೇಮಿನ ನಿರ್ದೇಶಕ ಮಿಯಾಜಾಕಿ ಆ ಹೊತ್ತಿಗೆ ಬ್ಲಡ್‌ಬಾರ್ನ್ ಎಂಬ ಬೇರೆ ಗೇಮಿನಲ್ಲಿ ಮುಳುಗಿದ್ದರು.

ದೂರುಗಳಲ್ಲಿ ಕೆಲವು ನಿಜವಾಗಿದ್ದೂ ಮರ್ಯಾದೆ ಸಿಗದೆ ಹೋದವು. ಪಿಸಿ ಆವೃತ್ತಿ 2014ರ ಏಪ್ರಿಲ್‌ನಲ್ಲಿ ಬಂದಾಗ ‘ಆಯುಧ ಬೇಗ ಮುರಿಯುತ್ತಿದೆ’ ಎಂದವರಿಗೆ ‘ಗೋಡೆಗೆ ಹೊಡೀಬೇಡ, ಆಡೋದು ಕಲಿ’ ಎಂಬ ಉಪದೇಶ ಸಿಕ್ಕಿತು. ಲೆಕ್ಕ ಹಾಕಿದವರಿಗೆ ಕಂಡದ್ದು ಬೇರೆ. ಕತ್ತಿ ಹೆಣಕ್ಕೋ ಜೊತೆಗಾರನಿಗೋ ತಾಗುತ್ತಿರುವಷ್ಟು ಫ್ರೇಮಿಗೂ ಸವೆತ ಬೀಳುತ್ತಿತ್ತು. ಸೆಕೆಂಡಿಗೆ 30 ಫ್ರೇಮಿನ ಕನ್ಸೋಲಿಗೆ ಅಳೆದ ಸವೆತ 60 ಫ್ರೇಮಿನ ಪಿಸಿಯಲ್ಲಿ ಎರಡು ಪಟ್ಟಾಯಿತು. ಸರಿಹೋಗಿದ್ದು ಸುಮಾರು ಒಂದು ವರ್ಷದ ಮೇಲೆ, 2015ರಲ್ಲಿ. ಉಪದೇಶ ಕೊಟ್ಟವರು ಯಾರೂ ಹಿಂದಿರುಗಿ ಬಂದು ‘ನಿಮ್ಮ ಮಾತು ಸರಿ ಇತ್ತು’ ಎಂದಂತಿಲ್ಲ.

ಸೋಲ್ ಮೆಮರಿಯದೂ ಅಂಥದ್ದೇ. ಆನ್‌ಲೈನ್‌ನಲ್ಲಿ ಯಾರ ಜೊತೆ ಯಾರು ಎಂಬುದನ್ನು ಲೆವೆಲ್ ನೋಡಿ ಜೋಡಿಸದೆ, ಅದುವರೆಗೆ ಗಳಿಸಿದ ಸೋಲ್‌ಗಳ (ಶತ್ರುಗಳನ್ನು ಕೊಂದರೆ ಸಿಗುವ, ಈ ಗೇಮಿನ ಹಣ) ಒಟ್ಟು ಮೊತ್ತ ನೋಡಿ ಜೋಡಿಸಿದರು. ಖರ್ಚು ಮಾಡಿದ್ದು ಸರಿ, ಸತ್ತು ಕಳೆದುಕೊಂಡದ್ದನ್ನೂ ಸೇರಿಸಿದರು. ಕಡಿಮೆ ಲೆವೆಲ್ಲಿನಲ್ಲಿ ನಿಂತು ಹೊಸಬರನ್ನು ಬೇಟೆಯಾಡುವವರಿಗೆ ಮೂಗುದಾರ ಹಾಕುವುದು ಉದ್ದೇಶ. ಆದದ್ದು ಏನೆಂದರೆ, ಪದೇ ಪದೇ ಸತ್ತು ಸೋಲ್ ಕಳೆದುಕೊಂಡ ಬಡಪಾಯಿಯೇ ತನಗಿಂತ ಗಟ್ಟಿಯವರ ಸಾಲಿಗೆ ಬಿದ್ದ. ಗೆಳೆಯರ ಜೊತೆ ಆಡುವವರಿಗೆ ಹೆಸರು ಕೆತ್ತಿದ ಉಂಗುರವೊಂದಿದೆ. ಇಬ್ಬರೂ ಒಂದೇ ದೇವರನ್ನು ಆರಿಸಿಕೊಂಡರೆ ಅಂತರ ಸ್ವಲ್ಪ ಸಡಿಲವಾಗುತ್ತದೆ. ಆಮೇಲಿನ ಪ್ಯಾಚಿನಲ್ಲಿ ಅಗಾಪೆ ಉಂಗುರ ಬಂತು. ತೊಟ್ಟರೆ ಬರುವ ಸೋಲ್ ಎಲ್ಲ ಅದರ ಹೊಟ್ಟೆಗೆ, ಲೆಕ್ಕ ನಿಂತಲ್ಲೇ ನಿಲ್ಲುತ್ತದೆ. ತಾವೇ ಮಾಡಿದ ಗಾಯಕ್ಕೆ ತಾವೇ ಮಾರಿದ ಮುಲಾಮು.

ಇನ್ನು ಲೆವೆಲ್ ಏರಿಸುವ ಗೋಳು. ಮೊದಲ ಗೇಮಿನಲ್ಲಿ ಯಾವ ಬಾನ್‌ಫೈರಿನಲ್ಲಾದರೂ ಕೂತು ಏರಿಸಬಹುದಿತ್ತು. ಇಲ್ಲಿ ಪ್ರತಿ ಸಲವೂ ಮಜುಲಾ ಎಂಬ ಊರಿಗೆ ಹೋಗಿ ಹಸಿರು ನಿಲುವಂಗಿಯ ಹೆಣ್ಣನ್ನು ಮಾತಾಡಿಸಬೇಕು. ಅವಳು ಅದೇ ಶಾಪದ ಮಾತನ್ನು ಅದೇ ನಿಧಾನದಲ್ಲಿ ಆಡುತ್ತಾಳೆ. ಬಟನ್ ಒತ್ತಿ ಒತ್ತಿ ಸಾಲು ದಾಟಿಸಿ, ಲೆವೆಲ್ ಏರಿಸಿ, ಮತ್ತೆ ಲೋಡಿಂಗ್ ನೋಡುತ್ತ ಹಿಂದಿರುಗಬೇಕು. ಇದನ್ನು ‘ವಾತಾವರಣ’ ಎಂದು ಹೊಗಳುವವರ ಜೊತೆ ನನಗೆ ವಾದ ಬೇಡ. ಮಜುಲಾದ ಸಂಜೆಬಿಸಿಲು ಚೆನ್ನಾಗಿದೆ, ಒಪ್ಪುತ್ತೇನೆ. ಲೋಡಿಂಗ್ ಪರದೆಯಲ್ಲಿ ಸಂಜೆಯೂ ಇಲ್ಲ, ಬಿಸಿಲೂ ಇಲ್ಲ.

ಸತ್ತಾಗಲೆಲ್ಲ ಒಟ್ಟು ಜೀವವೇ ಇಳಿಯುತ್ತ ಕೊನೆಗೆ ಅರ್ಧಕ್ಕೆ ನಿಲ್ಲುತ್ತದೆ ಎಂದು ಗೇಮು ಮುಚ್ಚಿ ಎಸೆದವರು ಬಹಳ. ಹೈಡ್ಸ್ ಟವರ್‌ನ ಪೆಟ್ಟಿಗೆಯೊಂದರಲ್ಲಿ ರಿಂಗ್ ಆಫ್ ಬೈಂಡಿಂಗ್ ಇದೆ. ತೊಟ್ಟರೆ ಮುಕ್ಕಾಲಿಗಿಂತ ಕೆಳಗೆ ಇಳಿಯುವುದಿಲ್ಲ. ಆಟದ ಶುರುವಿನಲ್ಲೇ ಸಿಗುವ ಉಂಗುರ. ಆದರೆ ಹೈಡ್‌ಗೆ ಮೊದಲು ಹೋಗಬೇಕೋ ಕಾಡಿನ ಕೋಟೆಗೆ ಮೊದಲು ಹೋಗಬೇಕೋ ಎಂದು ಹೇಳುವವರಿಲ್ಲ. ಕೋಟೆಗೆ ಹೋದವರು ಅರ್ಧ ಜೀವದಲ್ಲಿ ಸಾಯುತ್ತ ಅಭಿಪ್ರಾಯ ಕಟ್ಟಿಕೊಂಡರು, ಹೈಡ್‌ಗೆ ಹೋದವರು ಮುಕ್ಕಾಲಿನಲ್ಲಿ. ಸಾಲದೆಂಬಂತೆ 2015ರಲ್ಲಿ ಸ್ಕಾಲರ್ ಆಫ್ ದ ಫಸ್ಟ್ ಸಿನ್ ಎಂದು ಇನ್ನೊಂದು ರೂಪ ಬಂತು. ಶತ್ರುಗಳ ಜಾಗ ಬದಲಾಯಿತು, ದಾರಿಗೆ ಅಡ್ಡ ನಿಂತ ಕಲ್ಲುಮನುಷ್ಯರು ಹೆಚ್ಚಿದರು, ಹೈಡ್‌ನಲ್ಲಿ ಡ್ರ್ಯಾಗನ್ ಕೂತಿತು. ಸ್ಟೀಮ್‌ನಲ್ಲಿ ಇವೆರಡೂ ಬೇರೆ ಬೇರೆ ಗೇಮುಗಳು, ಒಂದರ ಸೇವ್ ಇನ್ನೊಂದರಲ್ಲಿ ನಡೆಯದು. ಒಬ್ಬ ಹಳೆಯದಕ್ಕೆ ಬೈಯುತ್ತಾನೆ, ಇನ್ನೊಬ್ಬ ಹೊಸದನ್ನು ಸಮರ್ಥಿಸುತ್ತಾನೆ. ಮಾತು ಎಲ್ಲಿ ಸೇರಬೇಕು? ಜಗಳ ಮುಗಿಯದಿರುವುದಕ್ಕೆ ನಾನು ಆಗಲೇ ಹೇಳಿದ ಕಾರಣ ಇದೇ: ಒಬ್ಬೊಬ್ಬರು ಆಡಿದ್ದು ಒಂದೊಂದು ಗೇಮು.

ಒಳ್ಳೆಯದನ್ನು ಹೇಳದಿದ್ದರೆ ನನ್ನನ್ನೂ ಒಂದು ಗುಂಪಿಗೆ ಸೇರಿಸಿಬಿಡುತ್ತಾರೆ. ಬಾನ್‌ಫೈರ್ ಅಸೆಟಿಕ್ ಎಂಬುದನ್ನು ಬೆಂಕಿಗೆ ಹಾಕಿದರೆ ಆ ಒಂದು ಪ್ರದೇಶ ಮಾತ್ರ, ಗೇಮು ಮುಗಿಸಿ ಮತ್ತೆ ಆಡುವ ಮುಂದಿನ ಸುತ್ತಿನಷ್ಟು ಕಷ್ಟವಾಗುತ್ತದೆ, ಬಾಸ್ ಎದ್ದು ಬರುತ್ತಾನೆ, ವಸ್ತುಗಳು ಮತ್ತೆ ಸಿಗುತ್ತವೆ. ಹಾಕಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಇಷ್ಟು ಜಾಣತನದ ಉಪಾಯ ಈ ಸರಣಿಯ ಬೇರೆ ಗೇಮುಗಳಲ್ಲಿಲ್ಲ. ಎರಡು ಕೈಗೆ ಎರಡು ಆಯುಧ ಹಿಡಿದು ಒಟ್ಟಿಗೆ ಬೀಸುವ ಪವರ್ ಸ್ಟಾನ್ಸ್ ಇಲ್ಲಿಯದೇ. ಆಯುಧ ಕೇಳುವ ಸ್ಟ್ಯಾಟಿನ ಒಂದೂವರೆ ಪಟ್ಟು ನಿಮ್ಮಲ್ಲಿರಬೇಕು. ಅದು 2022ರಲ್ಲಿ ಎಲ್ಡನ್ ರಿಂಗ್‌ನಲ್ಲಿ ಮರಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗೇಮಿನ ಸಹನಿರ್ದೇಶಕರೂ ಇದೇ ತನಿಮುರಾ. ಇವರ ಹೆಸರು ಹಿಡಿದು ಬೈದವರೇ ಚಪ್ಪಾಳೆ ತಟ್ಟಿದವರೂ ಎಂಬುದು ನನಗೆ ಒಂದಿಷ್ಟು ಖುಷಿ ಕೊಡುವ ಸಂಗತಿ.

ಎಲ್ಲ ಗುಂಪುಗಳೂ ಒಪ್ಪುವ ಒಂದೇ ಜಾಗ ಫ್ರಿಜಿಡ್ ಔಟ್‌ಸ್ಕರ್ಟ್ಸ್. 2014ರ ಸೆಪ್ಟೆಂಬರ್‌ನ ಐವರಿ ಕಿಂಗ್ ಎಂಬ ಹೆಚ್ಚುವರಿ ಭಾಗದಲ್ಲಿದೆ. ಹಿಮಗಾಳಿ ಎದ್ದರೆ ಮೂಗಿನ ಮುಂದಿನದೂ ಕಾಣದು. ಆ ಗಾಳಿಯಲ್ಲೇ ಕೊಂಬಿನ ಮಂಜುಗುದುರೆಗಳು ಸಿಡಿಲು ಎಸೆಯುತ್ತ ಬರುತ್ತವೆ. ಗಾಳಿ ತಗ್ಗಿದಾಗ ಒಂದು ಪಾಳು ಕಟ್ಟಡದಿಂದ ಇನ್ನೊಂದಕ್ಕೆ ಓಡಬೇಕು, ಎದ್ದಾಗ ನಿಂತು ಕುದುರೆಯ ಜೊತೆ ಗುದ್ದಾಡಬೇಕು. ಸತ್ತರೆ ಮೊದಲಿನಿಂದ ನಡಿಗೆ. ಎಡಿಪಿ ಎಷ್ಟಾದರೂ ಏರಿಸಿ, ಯಾವ ಉಂಗುರವಾದರೂ ತೊಡಿ. ಇಷ್ಟು ದೂರ ನಡೆದು ತಲುಪಿದವರಿಗೆ ಬಾಸ್ ಯಾರೆಂದರೆ, ಅದೇ ಭಾಗದಲ್ಲಿ ಮೊದಲೇ ಹೊಡೆದು ಕೆಡವಿದ ಹುಲಿಯ ಥರದ್ದೇ ಹುಲಿ. ಈ ಸಲ ಎರಡು.