ಮಕ್ಕಳ ಔಷಧಿ: ಹೆತ್ತವರ ಹಕ್ಕು ಹೋಗಿದೆಯಾ?

ಡಾಕ್ಟರ್ ಚೀಟಿ ಬೇಕಾಗುವ ಯಾವ ಔಷಧಿಯನ್ನಾದರೂ ಮಕ್ಕಳು ಈಗ ತಾವೇ ಪಡೆಯಬಹುದು, ಹೆತ್ತವರು ಕೇಳುವ ಹಾಗೇ ಇಲ್ಲ ಎನ್ನುವ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ಓದಿದವರಿಗೆ ಗಾಬರಿ ಆಗುವುದು ಸಹಜ, ಕಳಿಸುವವರೂ ಮಕ್ಕಳ ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಇದು ನಿಜವಲ್ಲ.

ಚಿಕ್ಕ ಮಕ್ಕಳ ಚಿಕಿತ್ಸೆಗೆ ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು ಎನ್ನುವುದೇ ಬಹುತೇಕ ದೇಶಗಳ ಮೂಲ ನಿಯಮ. ವಿನಾಯಿತಿಗಳೂ ಇವೆ. ಜೀವಕ್ಕೆ ಅಪಾಯವಿದ್ದು ಹೆತ್ತವರು ಸಿಗದಿದ್ದರೆ ವೈದ್ಯರು ಕಾಯುತ್ತಾ ಕೂರುವುದಿಲ್ಲ. ಕೂರಲೂಬಾರದು, ಅಲ್ವಾ? ಇಂಗ್ಲೆಂಡಿನಲ್ಲಿ 1969ರ ಕಾನೂನಿನ ಪ್ರಕಾರ 16 ತುಂಬಿದವರು ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು. ಅಲ್ಲಿ ಅದಕ್ಕಿಂತ ಚಿಕ್ಕವರಿಗೂ, ವಿಷಯ ಪೂರ್ತಿ ಅರ್ಥವಾಗಿದೆ ಎಂದು ವೈದ್ಯರಿಗೆ ಖಚಿತವಾದರೆ, ಅವಕಾಶವಿದೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಇಂಥ ಯಾವುದೋ ಒಂದು ವಿನಾಯಿತಿಯೇ ಸಂದೇಶದಲ್ಲಿ ಇಡೀ ಜಗತ್ತಿನ ನಿಯಮವಾಗಿಬಿಡುತ್ತದೆ.

ಇನ್ನೊಂದು ಮಾತು ಜಾಸ್ತಿ ಮುಖ್ಯ. ಒಪ್ಪಿಗೆ ಯಾರದೇ ಇರಲಿ, ಔಷಧಿ ಬೇಕೋ ಬೇಡವೋ ಎಂದು ಪರೀಕ್ಷಿಸಿ ತೀರ್ಮಾನಿಸುವವರು ವೈದ್ಯರು. ಸುಮ್ನೆ ಕೇಳಿದ್ದಕ್ಕೆ ಚೀಟಿ ಬರೆದುಕೊಡುವಂತಿಲ್ಲ.

ಇಂಥ ಸಂದೇಶ ಬಂದರೆ ಮೊದಲು ನೋಡಬೇಕಾದದ್ದು: ಯಾವ ದೇಶ? ಯಾವ ಕಾನೂನು? ಯಾವ ವಯಸ್ಸು? ಮೂರೂ ಇಲ್ಲದಿದ್ದರೆ ನಂಬಲು ಆಧಾರವೇ ಇಲ್ಲ. ಇದ್ದರೆ, ಆ ಸರ್ಕಾರದ ಜಾಲತಾಣದಲ್ಲಿ ಕಾನೂನಿನ ಪಠ್ಯ ಹುಡುಕಿ, ಷರತ್ತುಗಳ ಭಾಗವನ್ನು ತಪ್ಪದೆ ಓದಿ. ಓದಿದರೂ ಗೊಂದಲ ಉಳಿದರೆ ನಿಮ್ಮ ಮಗುವಿನ ಡಾಕ್ಟರನ್ನೇ ನೇರವಾಗಿ ಕೇಳಿ: "ನನ್ನ ಒಪ್ಪಿಗೆ ಯಾವಾಗ ಬೇಕು, ಯಾವಾಗ ಬೇಡ?"