‘ಹರಾಮ್’ ಎಂದರೆ ಕೊಳಕು ಎಂದಲ್ಲ

‘ಹರಾಮ್ ಎಂದರೆ ಅರಬ್ಬಿಯಲ್ಲಿ ಕೊಳಕು, ಕೆಟ್ಟದ್ದು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಹ-ರ-ಮ ಧಾತುವಿನ ತಿರುಳು ‘ಮೀರಬಾರದ್ದು’. ಮೀರಬಾರದ್ದು ಪಾಪವೂ ಆಗಬಹುದು, ಪವಿತ್ರವೂ ಆಗಬಹುದು. ಮೆಕ್ಕಾದಲ್ಲಿ ಕಾಬಾ ಇರುವ ಮಸೀದಿಯ ಹೆಸರೇ ‘ಅಲ್-ಮಸ್ಜಿದ್ ಅಲ್-ಹರಾಮ್’. ಅಲ್ಲಿ ‘ಕೊಳಕು’ ಎಂದು ಹಾಕಿ ಓದಿ ನೋಡಿ, ಅರ್ಥವೇ ಕೆಡುತ್ತದೆ. ಮೊಹರಂ ಕೂಡ ಇದೇ ಧಾತುವಿನದು: ಕಾಳಗ ನಿಷಿದ್ಧವಾಗಿದ್ದ 4 ತಿಂಗಳುಗಳಲ್ಲಿ ಅದೂ ಒಂದು.

ನಮ್ಮಲ್ಲಿ ಬೈಗುಳವಾಗಿರುವ ‘ಹರಾಮಿ’ಯನ್ನು ಹಿಡಿದು ಮೂಲಾರ್ಥ ಕಟ್ಟಿದ್ದರಿಂದ ಈ ಎಡವಟ್ಟು. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಬರೀ ಅಪ್ರಿಯವಾದದ್ದಕ್ಕೆ ‘ಮಕ್ರೂಹ್’ ಎಂಬ ಬೇರೆ ಪದವೇ ಇದೆ, ಎರಡನ್ನೂ ಬೆರೆಸಬಾರದು.

ಇಂಗ್ಲಿಷಿನ ‘ಟಬೂ’ ಕೂಡ ಹೀಗೆಯೇ. ಅದರ ಮೂಲ, 1777ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಪೆಸಿಫಿಕ್ ಸಾಗರದ ದ್ವೀಪಸಮೂಹ ಟೋಂಗಾದಲ್ಲಿ ಕೇಳಿದ ‘ತಪು’. ಅದಕ್ಕೆ ನಿಷಿದ್ಧ, ಪವಿತ್ರ ಎರಡೂ ಅರ್ಥಗಳಿವೆ.