ಪಾಸ್ ಮಾರ್ಕ್ಸ್ 33 ಆಯ್ತು, ಓದು?

ಎಸ್ಸೆಸ್ಸೆಲ್ಸಿ ಪಾಸಾಗೋಕೆ ಇನ್ಮೇಲೆ 35 ಬೇಡ, 33 ಪರ್ಸೆಂಟ್ ಸಾಕು. 625ಕ್ಕೆ 206 ಬಂದು, ಪ್ರತಿ ವಿಷಯದಲ್ಲೂ 30 ಪರ್ಸೆಂಟ್ ಇದ್ದರೆ ಆಯ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ಕಾಪಿ ನಿಂತಿತು, ಒಳ್ಳೆಯದೇ. ಆದರೆ ಗ್ರೇಸ್ ಮಾರ್ಕ್ಸನ್ನು 20 ಪರ್ಸೆಂಟಿಗೆ ಏರಿಸಿದರೂ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯ್ತು ಇದು. ಜ್ವರ ಇರೋದು ಮೂರನೇ ಕ್ಲಾಸಲ್ಲಿ, ಬರೆ ಬೀಳೋದು ಹತ್ತನೇ ಕ್ಲಾಸಿಗೆ.

ನಮ್ಮಕ್ಕ ಹಳ್ಳಿ ಶಾಲೆಯೊಂದರಲ್ಲಿ ನಲಿಕಲಿ ಟೀಚರ್, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳಿಂದ ಕಲಿಸೋಳು. ಮೊನ್ನೆ ಅವಳ ತರಗತಿಯಲ್ಲಿ ಸುಮ್ನೆ ಕೂತಿದ್ದೆ. ಮೂರನೇ ಕ್ಲಾಸಿನ ಹುಡುಗನೊಬ್ಬ ಕಾರ್ಡ್ ಹಿಡಿದು 'ಗರಗಸ' ಅಂತ ಜೋರಾಗಿ ಓದಿದ. ಭಲೇ ಅಂದೆ. ಆಮೇಲೆ ಕಾರ್ಡಿನ ಚಿತ್ರವನ್ನ ಬೆರಳಿಂದ ಮುಚ್ಚಿ, ಈಗ ಓದು ಮರಿ ಅಂದೆ. 'ಗ...' ಅಂದವನು ಅಕ್ಷರ ಬಿಟ್ಟು ನನ್ನ ಮುಖ ನೋಡಿದ. ರ ಗ ಸ ದ ಅ, ಒಂದನೇ ಕ್ಲಾಸಲ್ಲಿ ಮೊದಲು ಕಲಿಸೋದೇ ಇವನ್ನ.

ನಲಿಕಲಿಯದೇ ತಪ್ಪು ಅಂತ ಕೆಲವರು ಬೈತಾರೆ, ನಾನು ಒಪ್ಪಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಕಲಿಕೆಯ ಮೆಟ್ಟಿಲು ತೋರಿಸೋ ಏಣಿ, ಕಾರ್ಡು, ಮಕ್ಕಳ ಗುಂಪು ತೋರಿಸೋ ತಟ್ಟೆ ಎಲ್ಲ ಚೆನ್ನಾಗೇ ಇದೆ, ಆದರೆ ಟೀಚರ್ ಪಕ್ಕದಲ್ಲಿ ಕೂತರೆ ಮಾತ್ರ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಇರೋದು ಅಕ್ಕ ಒಬ್ಬಳೇ. ಹೆಡ್‌ಮೇಷ್ಟ್ರು ಮೀಟಿಂಗಿಗೆ ಹೋದ ದಿನ ನಾಲ್ಕು, ಐದನೇ ಕ್ಲಾಸೂ ಅವಳ ತಲೆ ಮೇಲೆ. ಅತಿಥಿ ಶಿಕ್ಷಕಿ ಬರೋ ಹೊತ್ತಿಗೆ ಜುಲೈ ಅರ್ಧ ಕಳೆದಿತ್ತು. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡೋದು ಬಹಳ ಒಳ್ಳೆಯ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಅದರ ಲೆಕ್ಕ ಬರೆಯೋಕೂ ಟೀಚರೇ ಬೇಕಾ?

ನಾನು ಕೇಳೋದು ಇಷ್ಟೇ. ಮೂರನೇ ಕ್ಲಾಸ್ ಮುಗಿಸೋ ಮಗು ಹಿಂದೆ ನೋಡಿರದ ಒಂದು ಪುಟ ಕನ್ನಡ ಓದಬೇಕು. ಬರದಿದ್ದರೆ ಆ ಮಗುವಿಗೆ ದಿನಾ ಒಂದು ಗಂಟೆ ಬೇರೆ ಪಾಠ, ಅದಕ್ಕೆ ಒಬ್ಬರು ಟೀಚರ್. ಖಾಲಿ ಹುದ್ದೆ ತುಂಬದೆ ಪಾಸ್ ಮಾರ್ಕ್ಸ್ ಇಳಿಸೋದು ಸುಲಭ, ಒಂದು ಆದೇಶ ಸಾಕು ಅಲ್ವಾ!

ಅವತ್ತು ಸಂಜೆ ಅಕ್ಕ ಆ ಹುಡುಗನನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಗ, ರ, ಅಂತ ಒಂದೊಂದೇ ಬರ್ತಾ ಇತ್ತು. ಅಷ್ಟರಲ್ಲಿ ಫೋನ್. ಇವತ್ತು ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಕೂಡಲೇ ಕಳಿಸಿ ಅಂತ.